ದಾಳಾ ಬೀಳೋಕಿಂತ ಮೊದಲ

ಆಟದಾಗ ರೂಲ್ಸ್ ಮ್ಯಾಲೆ ಜಗಳ ಬಿದ್ರ ಏನ ಮಾಡಬೇಕು ಅನ್ನೋದ್ರಾಗ ಎರಡ ಪಂಗಡ ಅವ. "ಪುಸ್ತಕ ತಗೀರಿ, ಅದರಾಗ ಇದ್ದಂಗ ಆಗ್ಲಿ" ಅನ್ನೋರು ಒಂದು. "ಆಟ ನಡಸೋರು ಹೇಳಿದ್ದ ಫೈನಲ್, ಬಾಯಿ ಮುಚಗೊಂಡ ಆಡ್ರಿ" ಅನ್ನೋರು ಇನ್ನೊಂದು. ನಾ ನಮ್ಮ ಮನ್ಯಾಗ ಮೂರ ವರ್ಷದಿಂದ ರವಿವಾರ ಸಂಜೀಕೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡಸ್ಲಿಕತ್ತೀನಿ. ನಂಗ ಈ ಎರಡೂ ಪಂಗಡದವರ ಮಾತು ಅರ್ಧಾ ಮರ್ಧಾನ ಖರೇ ಅನಸ್ತದ. ಒಬ್ಬರು ಏನೋ ಒಂದ ನಂಬಿ ಹೆಜ್ಜಿ ಇಟ್ಟಿರ್ತಾರ, ಇಟ್ಟ ಮ್ಯಾಲೆ ಅಲ್ಲೆ ನೆಲಾನ ಇಲ್ಲ ಅಂತ ಗೊತ್ತಾಗ್ತದ. ಜಗಳ ಹುಟ್ಟೋದು ಅಲ್ಲೆ. ಹಿಂಗಾಗಿ ಪುಸ್ತಕಕ್ಕ ಕೈ ಹಾಕೋಕಿಂತ ಮೊದಲ ನಾ ಕೇಳೋ ಪ್ರಶ್ನಿ ಒಂದ: "ಇದನ್ನ ಮಾಡೋ ಮುಂದ ಏನ ಆಗ್ತದ ಅಂತ ತಿಳಕೊಂಡಿದ್ದಿ?"

ಈ ಆಟದ ಗಂಧಗಾಳಿ ಇಲ್ಲದವರಿಗೆ ಎರಡ ಮಾತು. ನಾಕೈದ ಮಂದಿ ಟೇಬಲ್ ಸುತ್ತ ಕೂಡತೇವಿ. ಒಬ್ಬರು ಕತ್ತಿ ಹಿಡದಾಂವ, ಒಬ್ಬರು ಮಾಂತ್ರಿಕ, ಒಬ್ಬರು ಕಳ್ಳಿ, ಒಬ್ಬರು ದೇವರ ಹೆಸರ ಹೇಳಿ ಗಾಯ ಮಾಯಸೋ ಕ್ಲೆರಿಕ್. ಇವರನ್ನ ಬಿಟ್ಟ ಜಗತ್ತಿನ್ಯಾಗ ಉಳದದ್ದೆಲ್ಲಾ, ಗವಿ, ಕ್ವಾಟಿ, ರಾಕ್ಷಸರು, ಛತ್ರದ ಮಾಲಕ, ಮಳಿ, ಎಲ್ಲಾ ಡಂಜನ್ ಮಾಸ್ಟರ್ ಅಂದ್ರ ನಾನು. ಆಡೋರು "ನಾ ಹಿಂಗ ಮಾಡತೀನಿ" ಅಂತ ಬಾಯಿಲೆ ಹೇಳಬೇಕು. ಆಗ್ತದೋ ಇಲ್ಲೋ ಅಂತ ಸಂಶಯ ಇದ್ದಲ್ಲೆ ಇಪ್ಪತ್ತ ಮುಖದ ದಾಳಾ ಒಗೀಬೇಕು. ನಮ್ಮ ಟೇಬಲ್‌ನ್ಯಾಗ ಮಾಂತ್ರಿಕ ನನ್ನ ಮಗ, ಈ ವರ್ಷ ಹತ್ತನೇತ್ತಾ. ಕಳ್ಳಿ ನಮ್ಮ ನಾದಿನಿ ಮಗಳು, ಹನ್ನೆರಡ ವರ್ಷದಕಿ. ಕತ್ತಿ ನಮ್ಮ ಮನಿಯವರದು, ಖರೇ ಹೇಳಬೇಕಂದ್ರ ಅವರು ಬಂದ ಕೂಡೋದು ಭಜಿ ಸಂಬಂಧ. ಕ್ಲೆರಿಕ್ ಬಾಜೂ ಮನಿ ಹುಡಗಿ, ಪಿಯುಸಿ ಓದತಾಳ, ಮಾತ ಭಾಳ ಕಡಿಮಿ.

ರೂಲ್ಸ್ ಜಗಳ ನಮಗೇನ ಹೊಸಾದಲ್ಲ ಬಿಡ್ರಿ. ಚೌಕಾಬಾರ ಆಡಿದವರಿಗೆಲ್ಲಾ ಗೊತ್ತದ. ನಾಕೂ ಕವಡಿ ಅಂಗಾತ ಬಿದ್ರ ಚೌಕಾ, ನಾಕೂ ಬೋರಲ ಬಿದ್ರ ಎಂಟು, ಇದರಾಗ ತಕರಾರಿಲ್ಲ. ಆದ್ರ ಒಂದ ಕಾಯಿನೂ ಹೊಡೀದ ಒಳಗಿನ ಸುತ್ತಿಗೆ ಹೋಗಬಹುದೋ ಇಲ್ಲೋ, ಕಾಯಿ ಹೊಡದ್ರ ಇನ್ನೊಂದ ಸಲ ಕವಡಿ ಒಗಿಯೋದು ಅದನೋ ಇಲ್ಲೋ, ಇದು ಮನಿ ಮನಿಗೆ ಬ್ಯಾರೆ. ಸೂಟಿಗೆ ಅಜ್ಜಿ ಮನಿಗೆ ಹೋದಾಗ ಅಲ್ಲಿ ರೂಲು, ಕಾಕಾನ ಮನಿಗೆ ಹೋದಾಗ ಅಲ್ಲಿ ರೂಲು. ಆದರೂ ಅಲ್ಲೆ ಕವಡಿ ಮುಟ್ಟೋಕಿಂತ ಮೊದಲ "ನಿಮ್ಮ ಕಡೆ ಹೆಂಗ?" ಅಂತ ಕೇಳಿಬಿಟ್ರ ಮುಗೀತು. ಆಗಬಹುದಾದದ್ದು ಒಂದ ಹತ್ತ, ಹತ್ತನ್ನೂ ಮೊದಲ ಮಾತಾಡಬಹುದು. ಡಿ ಅಂಡ್ ಡಿ ಒಳಗ ಅದು ಸಾಧ್ಯ ಇಲ್ಲ. ಆಡೋರು ಮೆಟ್ಟಲ ಮ್ಯಾಲೆ ಎಣ್ಣಿ ಸುರೀತೀನಿ ಅಂತಾರ, ರಾಕ್ಷಸನ ಮೀಸಿ ಹಿಡದ ಜೋತಾಡತೀನಿ ಅಂತಾರ. 2014ರ ಐದನೇ ಆವೃತ್ತಿದು ಮುಖ್ಯ ಪುಸ್ತಕ ಮೂರೂ ಸೇರಿ 1000 ಪುಟದ ಹತ್ರ ಹೋಗ್ತಾವ, ಅಷ್ಟರಾಗ ಮೀಸಿ ಹಿಡದ ಜೋತಾಡೋದಕ್ಕ ರೂಲ್ ಇಲ್ಲ.

ಹಂಗ ನೋಡಿದ್ರ ಪುಸ್ತಕ ದೊಡ್ಡದೋ ನಡಸೋರು ದೊಡ್ಡವರೋ ಅನ್ನೋ ವಾದ ಈ ಆಟಕ್ಕಿಂತ ಭಾಳ ಹಳೇದು. 1824ರಾಗ ಪ್ರಶ್ಯದ ಸೈನ್ಯದ ಅಧಿಕಾರಿ ರೈಸ್ವಿಟ್ಸ್ ಅನ್ನಾಂವ ನಕಾಶೆ, ಸಣ್ಣ ಸಣ್ಣ ತುಂಡು, ದಾಳಾ ಇಟಗೊಂಡು ಆಡೋ ಯುದ್ಧದ ಆಟದ ರೂಲ್ಸ್ ಛಾಪಿಸಿದಾ. ಕ್ರೀಗ್‌ಸ್ಪೀಲ್ ಅಂತ ಅದರ ಹೆಸರು. ನಡುವ ಒಬ್ಬ ಅಂಪೈರ್ ಕೂಡತಿದ್ದ, ಕೋಷ್ಟಕ ನೋಡಿ ಎಷ್ಟ ನಷ್ಟ ಆತು ಅಂತ ಲೆಕ್ಕಾ ಹಾಕೋದು ಅವನ ಕೆಲಸ. ಲೆಕ್ಕಾ ಮುಗಿಯೂದ್ರಾಗ ಯುದ್ಧದ ಹುರುಪೇ ಹೋಗತಿತ್ತು. ಕಡೀಕೆ 1876ರಾಗ ವೆರ್ಡಿ ದು ವೆರ್ನ್ವಾ ಅನ್ನೋ ಅಲ್ಲಿನ ಹಿರೇ ಅಧಿಕಾರಿ ಕೋಷ್ಟಕಾ, ದಾಳಾ ಎಲ್ಲಾ ಬಾಜೂಕ ಇಟ್ಟು ಅನುಭವಸ್ಥ ಅಂಪೈರ್ ತೀರ್ಮಾನಾನ ಸಾಕು ಅಂತ ಬರದಾ. ಅಂದ್ರ ಇವತ್ತ ನನ್ನ ಮಗಾ ಮತ್ತ ನಾನು ಮಾಡೋ ವಾದಾನ ಪ್ರಶ್ಯದವರು ಮೀಸಿ ಹುರಿ ಮಾಡಕೋತ ಆಗಲೇ ಮಾಡಿದ್ರು. ಮುಂದ 1974ರಾಗ ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರು ಮೂರ ಸಣ್ಣ ಪುಸ್ತಕ ಒಂದ ಡಬ್ಬಿಯೊಳಗ ಹಾಕಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದ್ರು, ಮೊದಲನೇ ಸರತಿ 1000 ಪ್ರತಿ. ಅವರೂ ಯುದ್ಧದ ಆಟ ಆಡಕೋತ ಬಂದವರು. ಅಂಪೈರ್ ಖುರ್ಚಿ ಅಲ್ಲಿಂದ ಮಂದಿ ಮನಿ ಟೇಬಲ್‌ಗೆ ಬಂತು. ಪ್ರಶ್ಯದ ಅಂಪೈರ್‌ಗ ಒಂದ ಸುಖ ಇತ್ತ ನೋಡ್ರಿ, ತೀರ್ಪ ಕೊಟ್ಟ ಮ್ಯಾಲೆ ಅದೇ ಮಂದಿಗೆ ಊಟಕ್ಕ ಬಡಸಬೇಕಾಗಿದ್ದಿಲ್ಲ.

ಪುಸ್ತಕದಾಗ ರೂಲ್ ಇಲ್ಲದ ಕಡೆ ಕೆಲಸ ಹಗೂರ. ಎಣ್ಣಿ ಸುರದ ಮೆಟ್ಟಲ ಹತ್ತೋದು ಸುಲಭ ಇದ್ರ 10, ಮಧ್ಯಮ ಆದ್ರ 15, ಕಠಿಣ ಆದ್ರ 20, ದಾಳಾದ ಅಂಕಿ ಅಷ್ಟ ಮುಟ್ಟಬೇಕು. ಈ ಅಂಕಿ ಪುಸ್ತಕದಾಗ ಅವ. ನಾ ಮಾಡೋದು ಇಷ್ಟ, ಅಂಕಿ ಎಷ್ಟು, ಬಿದ್ರ ಏನ ಆಗ್ತದ, ಎರಡೂ ದಾಳಾ ಒಗಿಯೋಕಿಂತ ಮೊದಲ ಹೇಳಿಬಿಡತೀನಿ. "15 ಬೇಕು, ಬರಲಿಲ್ಲಂದ್ರ ನೀನೂ ಜಾರತಿ." ಆಗ ಬ್ಯಾಡ ಅಂದ್ರ ಬಿಡಬಹುದು. ಕೆಲವೊಬ್ಬರು ಅಂಕಿ ಮುಚ್ಚಿಟ್ಟ ಆಡಸ್ತಾರ, ಕುತೂಹಲ ಇರ್ತದ ಅಂತ. ನಂಗೇನೋ ಅದು ರೇಟ್ ಹೇಳದ ಸೀರಿ ಕತ್ತರಿಸಿದಂಗ ಅನಸ್ತದ.

ರೂಲ್ ಅದ, ಆದ್ರ ಯಾರಿಗೂ ನೆನಪಿಲ್ಲ, ಇದು ಎರಡನೇ ನಮೂನಿ. ಇದಕ್ಕ ನಮ್ಮ ಮನ್ಯಾಗ ಕುಕ್ಕರ್ ಅದ. ಒಳಗ ಅನ್ನಕ್ಕ ಇಟ್ಟಿರ್ತೀನಿ, ಸೀಟಿ ಹೊಡಿಯೂದ್ರಾಗ ಹುಡುಕಿ ತಗದ್ರ ಪುಸ್ತಕದ್ದು, ಇಲ್ಲಾಂದ್ರ ನಂದು. ಹುಡಕೋ ಕೆಲಸ ನಾ ಮಾಡಂಗಿಲ್ಲ, ಯಾರ ಸರದಿ ಇಲ್ಲೋ ಅವರು ಮಾಡ್ತಾರ. 2023ರ ಜನವರಿಯೊಳಗ ಈ ಆಟದ ಮೂಲ ರೂಲ್ಸ್ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಮ್ಯಾಲೆ ಪುಕ್ಕಟೆ ಬಿಟ್ಟಾರ, ಎಲ್ಲಾರ ಫೋನಿನ್ಯಾಗೂ ಅದ. ಮೂರ ದುಬಾರಿ ಪುಸ್ತಕ ತಗೋಬೇಕು ಅಂತ ಹೆದರಿ ಕೂಡಬ್ಯಾಡ್ರಿ.

ತ್ರಾಸ ಆಗೋದು ಮೂರನೇದಕ್ಕ. ರೂಲ್ ಅದ, ಸ್ಪಷ್ಟ ಅದ, ಆದ್ರ ಅದು ಗೊತ್ತಾಗೋದ್ರಾಗ ಹೊತ್ತ ಆಗಿರ್ತದ.

ಎರಡ ವರ್ಷದ ಹಿಂದಿನ ಮಾತು. ನಾದಿನಿ ಮಗಳು ಆಗ ಹತ್ತ ವರ್ಷದಕಿ. ಗವಿಯೊಳಗ ನೀರ ಏರಲಿಕತ್ತಿತ್ತು, ಪಂಜರದಾಗ ಇಬ್ಬರು ಹಳ್ಳಿ ಹುಡುಗರು ಸಿಕ್ಕೊಂಡಿದ್ರು. ಕಳ್ಳಿಗೆ ಗಾಬ್ಲಿನ್ ಒಂದ ಏಟ ಹಾಕ್ತು, ಅಕಿ ಪ್ರಾಣದ ಅಂಕಿ ಸೊನ್ನೀಗೆ ಬಂತು, ಎಚ್ಚರ ತಪ್ಪಿ ಬಿದ್ಲು. ಹಂಗ ಬಿದ್ದವರು ತಮ್ಮ ಸರದಿ ಬಂದಾಗೊಮ್ಮೆ ದಾಳಾ ಒಗೀಬೇಕು; 10 ಅಥವಾ ಮ್ಯಾಲೆ ಬಂದ್ರ ಒಂದ ಪಾಸು, ಕಡಿಮಿ ಬಂದ್ರ ಒಂದ ಫೇಲು. ಮೂರ ಫೇಲ್ ಆದ್ರ ಸತ್ತಂಗ. ಬಿದ್ದಾಗ ಯಾರರ ಹೊಡದ್ರ ಅದೂ ಒಂದ ಫೇಲು. ಮುಂದಿನ ಸರದಿ ಕ್ಲೆರಿಕ್‌ದು. ಅಕಿ ಕಡೆ ಇದ್ದದ್ದು ಮುಟ್ಟಿ ಮಾಯಸೋ ಮಂತ್ರ, ಅದಕ್ಕ ಅಕಿ ಪೂರಾ ಸರದಿ ಬೇಕು. ಪಂಜರದ ಕೀಲಿ ತಗೀಲಿಕ್ಕೂ ಪೂರಾ ಸರದಿ ಬೇಕು. ಹುಡಗಿ ಸುಮ್ಮನ ಬಟ್ಟ ಎಣಸಿದ್ಲು: ಗಾಬ್ಲಿನ್ ಹೊಡದ್ರ ಒಂದ ಫೇಲ್, ಕಳ್ಳಿ ದಾಳಾ ಕೆಟ್ಟ ಬಿದ್ರ ಎರಡ ಫೇಲ್, ಮೂರಕ್ಕ ಹೋಗೋಕಿಂತ ಮೊದಲ ನಾ ಬಂದ ಮುಟ್ಟತೀನಿ. ಪಂಜರದ ಕಡೆ ಓಡಿ ಕೀಲಿ ತಗದ್ಲು. ಹುಡುಗರು ಹೊರಗ ಬಂದ್ರು.

ಗಾಬ್ಲಿನ್ ಬಿದ್ದಕಿ ಬಾಜೂಕ ನಿಂತಿತ್ತು, ಹೊಡೀತು, ಏಟ ತಾಗ್ತು. ನಾ ಒಂದ ಫೇಲ್ ಅನ್ನೂದ್ರಾಗ ನನ್ನ ಮಗಾ, "ಎರಡು" ಅಂದಾ. ಎಚ್ಚರ ಇಲ್ಲದವರಿಗೆ ಐದ ಫೂಟಿನೊಳಗಿಂದ ಹೊಡದ ಏಟ ತಾಗಿದ್ರ ಅದು ಕ್ರಿಟಿಕಲ್, ಸೊನ್ನಿಯೊಳಗ ಇದ್ದವರಿಗೆ ಕ್ರಿಟಿಕಲ್ ಆದ್ರ ಎರಡ ಫೇಲು. ಎರಡ ಬ್ಯಾರೆ ಬ್ಯಾರೆ ಪುಟದಾಗ ಅದ, ಎರಡೂ ಓದಿ ತೋರಿಸಿದಾ. ಅಲ್ಲೀತನಕಾ ನಮ್ಮ ಟೇಬಲ್‌ನ್ಯಾಗ ಬಿದ್ದವರನ್ನ ಯಾರೂ ಹೊಡದಿದ್ದಿಲ್ಲ, ಹಿಂಗಾಗಿ ಈ ಮಾತ ಬಂದೇ ಇದ್ದಿಲ್ಲ. ಸಣ್ಣಕಿ ಕಣ್ಣಾಗ ನೀರು. ನಮ್ಮ ಮನಿಯವರು, "ಏ, ಸಣ್ಣ ಹುಡಗಿ, ಬಿಡೋ" ಅಂತ ಮಗನ ಮ್ಯಾಲೆ ಹರಿಹಾಯ್ದ್ರು. ಅಂವಾ, "ನಂದೇನ ತಪ್ಪು, ಪುಸ್ತಕದಾಗ ಅದ, ನನ್ನ ಪಾತ್ರ ಬಿದ್ದಿದ್ರೂ ನಾ ಇದ ಹೇಳತಿದ್ದೆ" ಅಂದಾ. ಖರೇನ ಹೇಳತಿದ್ದ, ಅಂವಾ ಅಂಥಾಂವನ.

ಇಷ್ಟ ಗದ್ದಲದಾಗ ಎಲ್ಲಾರ ಕಣ್ಣು ಇಬ್ಬರ ಮ್ಯಾಲೆ ಇತ್ತು, ಅಳೋಕಿ ಮ್ಯಾಲೆ, ವಾದ ಮಾಡಾಂವನ ಮ್ಯಾಲೆ. ಬಾಜೂ ಮನಿ ಹುಡಗಿ ತನ್ನ ಕಾಗದ ನೋಡಕೋತ ಕೂತಿದ್ಲು. ನಾ ಅಕಿಗೆ ಕೇಳಿದೆ, "ನೀ ಪಂಜರದ ಕಡೆ ಹೋಗೋ ಮುಂದ ಏನ ಲೆಕ್ಕಾ ಹಾಕಿದ್ದಿ?" ಅಕಿ ಹೇಳಿದ್ಲು. ಅಲ್ಲೀತನಕಾ ಟೇಬಲ್‌ನ್ಯಾಗ ಯಾರಿಗೂ ಗೊತ್ತಿದ್ದಿಲ್ಲ ಅಕಿ ಲೆಕ್ಕಾ ಹಾಕ್ಯಾಳ ಅಂತ. ಎರಡ ಫೇಲ್ ಅಂತ ಮೊದಲ ಗೊತ್ತಿದ್ರ? "ಹೋಗ್ತಿದ್ದಿಲ್ಲ ಆಂಟಿ." ಅಷ್ಟ.

ನಾ ಕೊಟ್ಟ ತೀರ್ಪು ಹಿಂಗಿತ್ತು. ಮಗಾ ಹೇಳಿದ್ದು ಸರಿ, ಪುಸ್ತಕದ ರೂಲ್ ಅದನ. ಇವತ್ತ ಈ ಏಟಿಗೆ ಒಂದ ಫೇಲ್, ಯಾಕಂದ್ರ ಕ್ಲೆರಿಕ್ ಒಂದ ಅಂತ ನಂಬಿ ತನ್ನ ಸರದಿ ಖರ್ಚ ಮಾಡ್ಯಾಳ. ಮುಂದಿನ ರವಿವಾರದಿಂದ ಎರಡು, ನಮಗೂ ಎರಡು, ಗಾಬ್ಲಿನ್‌ಗೂ ಎರಡು. ಆಮ್ಯಾಲೆ ಕಳ್ಳಿ ದಾಳಾ ಒಗದ್ಲು, 7 ಬಿತ್ತು. ಎರಡನೇ ಫೇಲ್. ಕ್ಲೆರಿಕ್ ಓಡಿ ಬಂದ ಮುಟ್ಟಿದ್ಲು. ಪುಸ್ತಕದ ಪ್ರಕಾರ ಹೋಗಿದ್ರ ಆ 7ಕ್ಕ ಸಣ್ಣಕಿ ಪಾತ್ರ ಮುಗದಿತ್ತು, ಮತ್ತ ಆ ಸಾವು ಒಂದ ಮಾತೂ ಆಡದಾಕಿ ತಲಿ ಮ್ಯಾಲೆ ಕೂಡತಿತ್ತು. ಅದೇ ಓಣ್ಯಾಗ ದಿನಾ ಎದರಾ ಬದರಾ ಆಗೋ ಹುಡಗ್ಯಾರು ಇವರು.

ಕಳ್ಳಿಗೆ ಉಳದದ್ದರ ಖುಷಿ ಅಷ್ಟೇನ ಇದ್ದಿಲ್ಲ. "ನಾ ಅತ್ತೆ ಅಂತ ಬಿಟ್ರೇನು?" ಅಂತ ಕೇಳಿದ್ಲು ಬಂದು. ಹತ್ತ ವರ್ಷದ ಹುಡಗಿಗೂ ಕರುಣಾ ಬ್ಯಾಡಾಗಿರ್ತದ ನೋಡ್ರಿ. ನೀ ಅತ್ತಿದ್ದಕ್ಕಲ್ಲ, ಅಕ್ಕನ ಸರದಿ ಸಂಬಂಧ ಅಂದ ಮ್ಯಾಲೆ ಸಮಾಧಾನ ಆತು.

ಕ್ಲೆರಿಕ್‌ಗ ಸರದಿ ವಾಪಸ್ ಕೊಟ್ಟಿದ್ರ ಆಗತಿತ್ತಲ್ಲಾ ಅಂತ ನೀವು ಕೇಳಬಹುದು. ಆಗತಿತ್ತು. ಆದ್ರ ಹುಡುಗರು ಪಂಜರದಿಂದ ಹೊರಗ ಬಂದಿದ್ರು, ಅವರನ್ನ ತಿರಗಿ ಒಳಗ ಹಾಕಿ ಕೀಲಿ ಹಾಕಬೇಕಾಗತಿತ್ತು. ಆಟ ಹಿಂದಕ್ಕ ತಿರಗಿಸಿದ್ರ ಪ್ರತಿಯೊಬ್ಬರಿಗೂ ತಮ್ಮದೊಂದ ಸರದಿ ನೆನಪಾಗ್ತದ. ಯಾರೂ ದಾಳಾ ಮುಟ್ಟಿರಲಿಲ್ಲಂದ್ರ ಕೊಡತೀನಿ, ಮುಟ್ಟಿದ ಮ್ಯಾಲೆ ಇಲ್ಲ.

ಮನಿಯವರ ತಕರಾರು ಬ್ಯಾರೆ. ಸಣ್ಣಕಿ ಮುಂದ ಮಗನ್ನ ಬೈದರು, ರಾತ್ರಿ ಊಟಕ್ಕ ಕೂತಾಗ ನನಗ, "ಹಿಂಗ ಬಚಾವ್ ಮಾಡಕೋತ ಹೋದ್ರ ಹೆದರಿಕಿನ ಉಳಿಯಂಗಿಲ್ಲ, ಆಟಕ್ಕ ರುಚಿ ಏನ?" ಅಂದ್ರು. ಮಾತಿನ್ಯಾಗ ತೂಕ ಅದ. ಸಾವು ಇಲ್ಲದ ಗವಿ ಒಂದ ಗವಿ ಅಲ್ಲ. ಆದ್ರ ಹೆದರಬೇಕಂದ್ರ ಮೊದಲ ಗೊತ್ತಿರಬೇಕಲ್ಲ. ಮುಂದಿನ ವಾರ ಏನಾತು ಅಂದ್ರ, ಯಾರರ ಬಿದ್ರ ಒಬ್ಬರು ಓಡಿ ಹೋಗಿ ಅವರ ಮ್ಯಾಲೆ ಕಾವಲ ನಿಲ್ಲಲಿಕ್ಕೆ ಶುರು ಮಾಡಿದ್ರು. ಗಾಬ್ಲಿನ್ ಸನೇಕ ಬರಬಾರದು ಅಂತ ಟೇಬಲ್, ಪೀಪಾಯಿ ಎಲ್ಲಾ ಅಡ್ಡ ಎಳದ್ರು. ನಾ ಹಾಕಿದ ಯಾವ ರಾಕ್ಷಸಾನೂ ಅವರನ್ನ ಅಷ್ಟ ಶಿಸ್ತಿನ್ಯಾಗ ಇಟ್ಟಿದ್ದಿಲ್ಲ.

ಮತ್ತ ಎಲ್ಲಾರೂ "ನಂಗ ಗೊತ್ತಿದ್ದಿಲ್ಲ" ಅನ್ನಲಿಕ್ಕೆ ಶುರು ಮಾಡಿದ್ರ? ಅದಕ್ಕ ವಹಿ ಇಟ್ಟೀನಿ. ಹಾಲಿನ ಲೆಕ್ಕದ ವಹಿ ಹಿಂದಿನ ಹಾಳ್ಯಾಗ ಶುರು ಆತು, ಈಗ ಅದಕ್ಕ ತನ್ನದ ವಹಿ ಅದ. ತಾರೀಖು, ಏನ ಜಗಳ, ಅವತ್ತ ಏನ ಹೇಳಿದೆ, ಮುಂದ ಏನು. ಒಮ್ಮೆ ಬರದ್ರ ಎಲ್ಲಾರಿಗೂ ಗೊತ್ತು ಅಂತ ಲೆಕ್ಕ. ಈ ವಹಿಯೊಳಗ ನನಗ ಭಾಳ ಸೇರಿದ ನಮೂದು ಔಷಧದ್ದು. ಗಾಯದ ಔಷಧ ಕುಡದ್ರ ನಾಕ ಮುಖದ ದಾಳಾ ಎರಡ ಒಗದ ಮ್ಯಾಲೆ 2 ಕೂಡಿಸಿದಷ್ಟ ಪ್ರಾಣ ಬರ್ತದ. 2014ರ ರೂಲಿನ್ಯಾಗ ಅದಕ್ಕ ಪೂರಾ ಸರದಿ ಹೋಗತಿತ್ತು. ಒಂದ ಗುಟಕಿಗೆ ಪೂರಾ ಸರದಿ ಯಾಕ ಅಂತ ಎಷ್ಟೋ ಮನ್ಯಾಗ ಮಂದಿ ತಮ್ಮ ರೂಲ್ ಮಾಡಕೊಂಡ ಅದನ್ನ ಬೋನಸ್ ಆಕ್ಷನ್ ಮಾಡಿದ್ರು, ನಾವೂ ಮಾಡಿದ್ವಿ, ಮಗಾ ಪುಸ್ತಕ ಹಿಡದ ಆರ ತಿಂಗಳ ಮಾರಿ ಉಬ್ಬಿಸಿಕೊಂಡಿದ್ದಾ. 2024ರ ಹೊಸಾ ಪುಸ್ತಕ ಬಂದಾಗ ಅದರಾಗೂ ಬೋನಸ್ ಆಕ್ಷನ್ ಆಗಿತ್ತು. ಆ ಪುಟ ಅವಗ ನಾ ಎರಡ ಸಲ ಓದಿಸಿದೆ.

ಅಂದ್ರ ಪುಸ್ತಕ ಓದೋ ಹುಡುಗನ್ನ ಬಾಯಿ ಮುಚ್ಚಸಬೇಕು ಅಂತ ನನ್ನ ಅರ್ಥ ಅಲ್ಲ. ಇಂಥವರಿಗೆ ರೂಲ್ಸ್ ಲಾಯರ್ ಅಂತ ಹೆಸರಿಟ್ಟು ನಗೋದು ಈ ಆಟದ ಮಂದಿಯೊಳಗ ಒಂದ ಚಟ. ನಂಗ ಸೇರಂಗಿಲ್ಲ. ತನಗ ನಷ್ಟ ಆದರೂ ಪುಟ ತಗದ ತೋರಸೋ ಹುಡುಗ ಟೇಬಲ್‌ನ್ಯಾಗ ಇದ್ರ ನನ್ನ ಅರ್ಧಾ ಕೆಲಸ ಕಡಿಮಿ. ಅವಗ ಒಂದ ಷರತ್ ಹಾಕೀನಿ: ಗೊತ್ತಿದ್ದದ್ದನ್ನ ಹೆಜ್ಜಿ ಇಡೋಕಿಂತ ಮೊದಲ ಹೇಳಬೇಕು, ಇಟ್ಟ ಮ್ಯಾಲೆ ಹೇಳಿದ್ರ ಅದು ವಹಿಗೆ ಹೋಗ್ತದ.

ಪುಸ್ತಕದ ರೂಲ್ ಹುಚ್ಚುಚ್ಚಾಗಿ ಕಂಡ್ರೂ ನಂಬಿದವರ ಪರವಾಗಿ ನಾ ಬಿಡತೀನಿ. ಮ್ಯಾಲಿಂದ ಬಿದ್ರ ಹತ್ತ ಫೂಟಿಗೆ ಒಂದರಂಗ ಆರ ಮುಖದ ದಾಳಾ, ಎಷ್ಟ ಎತ್ತರ ಆದರೂ 20ರ ಮ್ಯಾಲೆ ಇಲ್ಲ. ಇಪ್ಪತ್ತ ದಾಳಾದ ಸರಾಸರಿ 70. ನಮ್ಮ ಮನಿಯವರ ಕತ್ತಿಯಾಂವ 12ನೇ ಲೆವೆಲ್ಲಿಗೆ ಬಂದಾಗ ಪ್ರಾಣ 112 ಇತ್ತು, 200 ಫೂಟ ಕ್ವಾಟಿ ಗ್ವಾಡಿ ಮ್ಯಾಲಿಂದ ಲೆಕ್ಕಾ ಹಾಕಿ ಹಾರಿದ್ರು. ಎದ್ದ ಧೂಳ ಝಾಡಿಸಿಕೊಂಡ ನಡದ್ರು. ಹುಚ್ಚ ಖರೇ, ಆದ್ರ ರೂಲ್ ಗೊತ್ತಿತ್ತು, ನಂಬಿ ಹಾರಿದ್ರು, ನಡೀಲಿ. ಇನ್ನೊಂದ ಅದ, ಸಾವಿರಾರು ರೈತರನ್ನ ಸಾಲಾಗಿ ನಿಲ್ಲಿಸಿ ಒಂದ ಬಡಗಿ ಕೈಯಿಂದ ಕೈಗೆ ದಾಟಸೋದು. ಒಂದ ಸುತ್ತ ಅಂದ್ರ ಆರ ಸೆಕೆಂಡ್, ಅಷ್ಟರಾಗ ಅದು ಮೈಲಗಟ್ಟಲೆ ಹೋಗ್ತದ, ಕಡೀಗೆ ತೋಫಿನ ಗುಂಡಿನಂಗ ಬಡೀಬೇಕು ಅನ್ನೋ ವಾದ. ಇದು ಈ ಆಟದ ಮಂದಿಯೊಳಗ ಹಳೇ ಚ್ಯಾಷ್ಟಿ. 2024ರ ಡಂಜನ್ ಮಾಸ್ಟರ್ ಪುಸ್ತಕದಾಗ ರೂಲ್ಸ್ ಅಂದ್ರ ಭೌತಶಾಸ್ತ್ರ ಅಲ್ಲ ಅಂತ ಇಂಥಾದ್ದಕ್ಕನ ಬರದಾರ. ಮಗಾ ಇದನ್ನ ತಂದಾಗ ನಾ ಅದೇ ಪ್ರಶ್ನಿ ಕೇಳಿದೆ, ಖರೇ ಹೇಳು, ಹಂಗ ಆಗ್ತದ ಅಂತ ನಂಬೀ ಏನು? ನಕ್ಕಾ. ಮುಗೀತು.

ಪರದಾ ಹಿಂದ ದಾಳಾ ಒಗದು, ಯಾರಿಗೂ ಕಾಣಧಂಗ ಅಂಕಿ ತಿದ್ದೋ ಪದ್ಧತಿ ಭಾಳ ಕಡೆ ಅದ, ಜಗಳಾನ ಬ್ಯಾಡ ಅಂತ. ಅವತ್ತ ನಾನೂ ಗಾಬ್ಲಿನ್ ಏಟ ತಪ್ಪಿತು ಅಂತ ಒಂದ ಮಾತ ಅಂದಿದ್ರ ಯಾರಿಗೂ ತಿಳೀತಿದ್ದಿಲ್ಲ, ಭಜಿ ಬಿಸಿ ಇದ್ದಾಗನ ತಿಂತಿದ್ವಿ. ಆದ್ರ ಆ ಹುಡಗಿ ಲೆಕ್ಕಾ ಯಾರಿಗೂ ಗೊತ್ತಾಗತಿದ್ದಿಲ್ಲ, ಅಕಿಗೂ ಅದು ಎಲ್ಲೆ ತಪ್ಪತದ ಅಂತ ಗೊತ್ತಾಗತಿದ್ದಿಲ್ಲ. ನಾ ಬಟಾಬಯಲಾಗ ಒಗೀತೀನಿ. ಮತ್ತ ತಕರಾರ ಬಿದ್ದಾಗ ಮೊದಲ ಕೇಳೋದು ಸುಮ್ಮನ ಕೂತವರನ್ನ, ಬಾಯಿ ಇದ್ದವರು ಹೆಂಗೂ ಹೇಳೇ ಹೇಳ್ತಾರ. ಈಗೀಗ ಆ ಹುಡಗಿ ತನ್ನ ಸರದಿಗೆ ಮೊದಲ, "ಆಂಟಿ, ಇದಕ್ಕ ರೂಲ್ ಹೆಂಗದ?" ಅಂತ ತಾನ ಕೇಳತಾಳ. ಮೂರ ವರ್ಷದಾಗ ಅಕಿ ಬಾಯಿಂದ ಬಂದ ಅತೀ ಉದ್ದ ಮಾತು ಅದನ ಇರಬೇಕು.

ಹ್ವಾದ ರವಿವಾರದ್ದು ಇನ್ನೂ ಬಾಕಿ ಅದ. ಮಾಂತ್ರಿಕನ ಸಾಕಿದ ಗೂಬಿ ಕಾಲಾಗ ಔಷಧದ ಬಾಟ್ಲಿ ಹಿಡಕೊಂಡ ಹಾರಿ ಹೋಗಿ, ಎಚ್ಚರ ತಪ್ಪಿ ಬಿದ್ದವರ ಬಾಯಾಗ ಸುರೀಬಹುದೋ ಇಲ್ಲೋ ಅಂತ. ಗೂಬಿ ಹೊಡದಾಡಂಗಿಲ್ಲ ಅಂತ ಪುಸ್ತಕದಾಗ ಅದ, ಔಷಧ ಕುಡಸಂಗಿಲ್ಲ ಅಂತ ಇಲ್ಲ. ಮಗಾ ಸುರೀತದ ಅಂತಾನ. ಸಣ್ಣಕಿ, ಬೂಚ ಯಾರ ತಗೀತಾರ ಅಂತ ಕೇಳತಾಳ. ಯಾರೂ ಇನ್ನೂ ಬಿದ್ದಿಲ್ಲ, ಹಿಂಗಾಗಿ ಶನಿವಾರದ ತನಕಾ ಟೈಮ್ ಅದ. ವಹಿಯೊಳಗ ಗೂಬಿ ಅಂತ ಬರದು ಎದರಿಗೆ ಜಾಗಾ ಖಾಲಿ ಬಿಟ್ಟೀನಿ.